ಎದುರಂಗಡಿಯ ಒರಿಜಿನಲ್

ನರಸಿಂಹರಾಜಪುರದಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟು ನಾಲ್ಕು ವರ್ಷವಾಗಿತ್ತು. ಮದುವೆ ಕರೆಯೋಲೆ, ಸಂಘದ ನೋಟಿಸು, ತಾಲ್ಲೂಕು ಕಚೇರಿಯ ಅರ್ಜಿ, ಎಲ್ಲ ನನ್ನ ಬಳಿಗೇ ಬರುತ್ತಿದ್ದವು. ಅಷ್ಟರಲ್ಲಿ ಅವಳು ಬಂದಳು. ಕೊಪ್ಪದವಳು, ನಮ್ಮೂರಿಗೆ ಮದುವೆಯಾಗಿ ಬಂದವಳು. ರಸ್ತೆಯಾಚೆ, ಸರಿಯಾಗಿ ನನ್ನೆದುರಿಗೇ ಅಂಗಡಿ ತೆರೆದು, ಗಾಜಿನ ಮೇಲೆ ‘ಇಲ್ಲಿ ಒರಿಜಿನಲ್ ಸಾಫ್ಟ್‌ವೇರ್ ಮಾತ್ರ’ ಎಂದು ಅಂಟಿಸಿದಳು. ಕರೆಯೋಲೆ ಮಾಡಿಸುವವನು ಸಾಫ್ಟ್‌ವೇರಿನ ಕುಲಗೋತ್ರ ಕೇಳುತ್ತಾನೆಯೇ? ನನ್ನನ್ನು ಚುಚ್ಚಲೆಂದೇ ಅಂಟಿಸಿದ್ದು ಎಂದು ನನಗೆ ಇಂದಿಗೂ ಅನುಮಾನ.

ನಮ್ಮ ಕಡೆ ಆಗ ಸಾಫ್ಟ್‌ವೇರನ್ನು ಯಾರೂ ಕೊಳ್ಳುತ್ತಿರಲಿಲ್ಲ. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ ಕೇಳಿ ತರುವುದು. ಶಿವಮೊಗ್ಗದ ಗೆಳೆಯ ಸೀಡಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಸಾಫ್ಟ್‌ವೇರ್ ತೆರೆಯುವ ನಂಬರು ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ನನ್ನ ಕೆಲಸ ಮುಗಿದ ಮೇಲೆ ಅದು ಕೊಪ್ಪ, ಶೃಂಗೇರಿಯ ಅಂಗಡಿಗಳಿಗೆ ಬಸ್ಸಿನಲ್ಲೇ ಹೋಗುತ್ತಿತ್ತು.

ಅವಳ ಅಕ್ಷರಗಳು ಚೆನ್ನಾಗಿದ್ದವು. ಇದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಅವಳು ಮಾಡಿದ ಕರೆಯೋಲೆಯೊಂದು ನಮ್ಮ ಮನೆಗೇ ಬಂತು. ಒತ್ತಕ್ಷರಗಳು ದುಂಡಗೆ, ಮುದ್ದಾಗಿ ಕೂತಿದ್ದವು. ನನ್ನ ಹೆಂಡತಿ, “ಎಷ್ಟು ಚಂದ ಮಾಡಿದಾಳೆ ನೋಡಿ” ಎಂದಳು. ಆ ದಿನ ನನಗೆ ಊಟ ಸೇರಲಿಲ್ಲ.

ಆಗ ನನ್ನ ಕೈಯಲ್ಲೊಂದು ದೊಡ್ಡ ಕೆಲಸವಿತ್ತು. ಕಡಹಿನಬೈಲಿನ ಹಿರಿಯರೊಬ್ಬರು ತಮ್ಮ ಹೆಂಡತಿಗೆ ಬರುವ ಹಸೆ ಹಾಡುಗಳನ್ನೆಲ್ಲ ಪುಸ್ತಕ ಮಾಡಿಸಿ ಮೊಮ್ಮಗಳ ಮದುವೆಯಲ್ಲಿ ಹಂಚಬೇಕೆಂದಿದ್ದರು. ಅಜ್ಜಿಗೆ ಓದುಬರಹವಿಲ್ಲ, ಹಾಡೆಲ್ಲ ಬಾಯಲ್ಲೇ. ಮೂರು ವಾರ ಅಜ್ಜಿ ನನ್ನ ಪಕ್ಕ ಕೂತು ಹೇಳಿದರು, ನಾನು ಟೈಪು ಮಾಡಿದೆ. ಕೊನೆಗೆ ಒಟ್ಟಿಗೇ ತೆಗೆಯೋಣವೆಂದು ಒಂದು ಹಾಳೆಯನ್ನೂ ಪ್ರಿಂಟ್ ತೆಗೆಯಲಿಲ್ಲ.

ನಡುವೆ ಒಮ್ಮೆ ಹಿರಿಯರು, “ಎದುರಿನ ಹುಡುಗಿ ಹತ್ರ ಒಂದು ಕಾಪಿ ಇಟ್ಟಿರಣ ಮಾರಾಯ. ನಿನ್ನ ಮಿಷಿನ್ ಕೈ ಕೊಟ್ರೆ ಎಂತ ಮಾಡದು?” ಎಂದರು.

“ಅಲ್ಲಿಗಾ? ಅವಳ ಕಂಪ್ಯೂಟರ್ ತುಂಬ ವೈರಸ್. ಕೊಟ್ಟಿದ್ದೆಲ್ಲ ತಿಂದು ಹಾಕ್ತದೆ” ಎಂದೆ. ಸುಳ್ಳು ಸಲೀಸಾಗಿ ಬಂತು. ಅವರು ನಂಬಿದರು.

ಪುಸ್ತಕದ ಹೆಸರಿಗೆ ಮಾತ್ರ ಅವಳಲ್ಲಿದ್ದ ಆ ದುಂಡು ಅಕ್ಷರವೇ ಬೇಕೆಂದು ನನಗೆ ಹಟ ಹತ್ತಿತು. ಮಾನ ಬಿಟ್ಟು ರಸ್ತೆ ದಾಟಿ ಸೀಡಿ ಕೇಳಿದೆ.

“ಇದು ಒಂದೇ ಮಿಷಿನ್ನಿಗೆ ಅಣ್ಣ, ಕೊಡೋ ಹಾಗಿಲ್ಲ. ಬೇಕಾದ್ರೆ ಹೆಸರು ನಾನೇ ಮಾಡಿ ಕೊಡ್ತೀನಿ” ಎಂದಳು. ಅಣ್ಣ ಎಂದದ್ದು ಇನ್ನಷ್ಟು ಉರಿಸಿತು.

ಗೆಳೆಯನಿಗೆ ಫೋನ್ ಮಾಡಿದೆ. ಎರಡು ದಿನದಲ್ಲಿ ಅದೇ ಅಕ್ಷರದ ಕಳ್ಳ ಸೀಡಿ ಬಸ್ಸಿಳಿಯಿತು. ಹಾಕಿದ ತಕ್ಷಣ ಆಂಟಿವೈರಸ್ ಕೆಂಪು ಪೆಟ್ಟಿಗೆ ತೋರಿಸಿ ಕೂಗಿಕೊಂಡಿತು. ಮತ್ತೆ ಫೋನ್ ಮಾಡಿದರೆ ಅವನು, “ಅದನ್ನ ಆಫ್ ಮಾಡು ಮಾರಾಯ. ಲಾಕ್ ಒಡೆದ ಕ್ರ್ಯಾಕ್ ಕಾಪಿ ಕಂಡ್ರೆ ಹಂಗೇ ಕೂಗ್ತದೆ” ಎಂದ. ಆಫ್ ಮಾಡಿದೆ. ದುಂಡು ಅಕ್ಷರ ಬಂತು. ಪುಸ್ತಕದ ಹೆಸರನ್ನು ದೊಡ್ಡದಾಗಿ ಬರೆದು, ಅವಳಿಗೆ ಕಾಣಲೆಂದು ಮಾನಿಟರನ್ನು ಬೀದಿಯ ಕಡೆ ತಿರುಗಿಸಿಟ್ಟೆ.

ಮಾರನೆಯ ಬೆಳಿಗ್ಗೆ ಫೈಲುಗಳ ಹೆಸರೆಲ್ಲ ಇದ್ದವು, ತೆರೆದರೆ ಒಳಗೆ ಬರೀ ಚೌಕಗಳು. ಗಾಬರಿಯಲ್ಲಿ, ಹಾಡುಗಳ ಕಾಪಿ ಎತ್ತಿಟ್ಟಿದ್ದ ಫ್ಲಾಪಿಗಳನ್ನು ಒಂದೊಂದಾಗಿ ಅದೇ ಮಿಷಿನ್ನಿಗೆ ಹಾಕಿದೆ. ಅವೂ ಹೋದವು. ಅಷ್ಟು ಹೊತ್ತಿಗೆ ಸೀಡಿ ಶೃಂಗೇರಿ ಬಸ್ಸಿನಲ್ಲಿ ಹೋಗಿಯಾಗಿತ್ತು.

ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಹಿರಿಯರು ಅಜ್ಜಿಯೊಂದಿಗೆ ಬಂದರು. ವೈರಸ್ ಬಂದು ಎಲ್ಲ ಹೋಯಿತು ಎಂದೆ. ಅವರು ಬೈಯಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು: “ವೈರಸ್ ಇದ್ದಿದ್ದು ಆ ಅಂಗಡೀಲಿ ಅಂದಿದ್ಯಲ್ಲ ಮಾರಾಯ?”

ಅಜ್ಜಿ ಎದ್ದು ರಸ್ತೆ ದಾಟಿದರು. ಹಿರಿಯರು ಹಿಂದೆಯೇ ಹೋದರು.

ಸ್ವಲ್ಪ ಹೊತ್ತಿಗೆ ಆಚೆಯಿಂದ ಹಾಡು ಕೇಳಿಸಿತು. ಅವಳು ಕೀಬೋರ್ಡಿನಿಂದ ಕೈ ತೆಗೆದು, ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು. ನಾನು ಮೊದಲ ದಿನವೇ, “ರಾಗ ಬೇಡ ಅಜ್ಜಿ, ಬರೀ ಮಾತು ಹೇಳಿ, ಟೈಪಿಗೆ ತೊಂದರೆ” ಎಂದಿದ್ದೆ. ರಾಗವಿಲ್ಲದೆ ಎಷ್ಟೋ ಕಡೆ ಅವರಿಗೆ ಮುಂದಿನ ಸಾಲು ಹತ್ತುತ್ತಿರಲಿಲ್ಲ. ಮರೆತುಹೋಯಿತು ಅನ್ನುತ್ತಿದ್ದರು, ನಾನು ಅಲ್ಲಿಗೇ ಮುಗಿಸುತ್ತಿದ್ದೆ. ಆ ಸಾಲುಗಳೆಲ್ಲ ಈಗ ತಾವಾಗಿ ಒಂದರ ಹಿಂದೊಂದು ಬರುತ್ತಿದ್ದವು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ದನಿಗೂಡಿಸಿದರು.

ನಾಚಿಕೆ ಆಮೇಲೆ ಆಯಿತು. ಮೊದಲು ಆದದ್ದು ಹೊಟ್ಟೆಯುರಿ. ಮೂರು ವಾರ ನನ್ನ ಪಕ್ಕ ಕೂತಿದ್ದ ಅಜ್ಜಿ ಅಷ್ಟು ಚೆನ್ನಾಗಿ ಹಾಡುತ್ತಾರೆಂದು ನನಗೆ ಗೊತ್ತಾದದ್ದು ಅವಳ ಅಂಗಡಿಯಿಂದ.