ತಂಗಿಯ ಮರಣದ ತಾರೀಖು

ಘಾಟ್ಕೋಪರಿನ ಸತ್ಯಮೂರ್ತಿಯವರು ವಿಮಾ ಕಚೇರಿಯೊಂದರ ರೆಕಾರ್ಡ್ ಸೆಕ್ಷನ್ನಿನಲ್ಲಿ ಮೂವತ್ತಮೂರು ವರ್ಷ ದುಡಿದು ೧೯೮೮ರಲ್ಲಿ ನಿವೃತ್ತರಾದರು. ಮುಗಿದ ಫೈಲನ್ನು ಯಾರು ಬೇಕಾದರೂ ನೋಡಬಹುದು, ನಡೆಯುತ್ತಿರುವ ಫೈಲಿಗೆ ಬೀಗ: ಇದು ಅವರ ಸೆಕ್ಷನ್ನಿನ ನಿಯಮ. ಹೊತ್ತು ಹೋಗದೆ ವಂಶವೃಕ್ಷ ಬರೆಯಲು ಕೂತಾಗ ಅದೇ ನಿಯಮವನ್ನು ಇಲ್ಲಿಗೂ ತಂದರು. ಸತ್ತವರ ಹೆಸರು, ಊರು, ತಾರೀಖು ಎಲ್ಲ ಸಾಂಗವಾಗಿ ಅಚ್ಚಾಗಬೇಕು. ಬದುಕಿರುವವರ ಜಾಗದಲ್ಲಿ ಒಂದು ಸೊನ್ನೆ, ಅಷ್ಟೇ. ಪುಸ್ತಕ ಮೈಸೂರಿನಿಂದ ಮುಲುಂಡಿನವರೆಗೆ ಮುನ್ನೂರು ಮನೆಗೆ ಹೋಗುತ್ತದೆ, ಯಾರ ಕೈಗೆ ಸಿಗುತ್ತದೋ ಯಾರು ಬಲ್ಲರು ಎಂಬುದು ಅವರ ವಾದ.

ಅವರ ಹೆಂಡತಿ ವನಮಾಲಾ ಕರಡು ನೋಡಿ ಕೆಂಡವಾದರು.

"ಮೂವತ್ತೊಂದು ವರ್ಷ ಬೇಯಿಸಿ ಹಾಕಿದ್ದಕ್ಕೆ ನಾನು ಸೊನ್ನೇನಾ? ನಿಮ್ಮ ವಂಶದಲ್ಲಿ ನನ್ನ ಹೆಸರು ಬರಬೇಕಾದ್ರೆ ಸಾಯಬೇಕಾ?"

"ರೂಲ್ ಅಂದ್ರೆ ರೂಲ್," ಎಂದರು ಸತ್ಯಮೂರ್ತಿ. "ನಾನೂ ಸೊನ್ನೇನೇ."

ನಿಜ ಹೇಳಬೇಕೆಂದರೆ ಈ ರೂಲೆಲ್ಲ ಒಬ್ಬಳಿಗಾಗಿ. ಅವರ ತಂಗಿ ಕೌಸಲ್ಯಾ ನಾಲ್ಕು ವರ್ಷ ಗಂಡನ ಹೊಡೆತ ತಿಂದು, ಒಂದು ದಿನ ಉಟ್ಟ ಸೀರೆಯಲ್ಲೇ ಮುಂಬಯಿಯ ರೈಲು ಹತ್ತಿದವಳು. ಗಂಡ ಕೇಶವಮೂರ್ತಿ ಎರಡು ಸಲ ಹುಡುಕಿಕೊಂಡು ಬಂದು, ಸಿಕ್ಕಿದರೆ ಕಾಲು ಮುರಿಯುತ್ತೇನೆಂದು ಬಿಲ್ಡಿಂಗಿನ ಕೆಳಗೆ ನಿಂತು ಕೂಗಾಡಿದ್ದ. ಅಂದಿನಿಂದ ಕೌಸಲ್ಯಾ ಸಾಂತಾಕ್ರೂಜಿನ ಬಾಲವಾಡಿಯೊಂದರಲ್ಲಿ ಟೀಚರಾಗಿ, ಬಾಗಿಲಿಗೆ ಹೆಸರಿನ ಬೋರ್ಡೂ ಇಲ್ಲದ ಖೋಲಿಯಲ್ಲಿ ಬದುಕುತ್ತಿದ್ದಳು. ಅಣ್ಣನಿಗೆ ಅವಳೆಂದರೆ ಜೀವ.

ಕರಡು ನೋಡಿ ಅವಳು ನಿಟ್ಟುಸಿರು ಬಿಟ್ಟಳು.

"ಅಣ್ಣ, ಅಪ್ಪನಿಗೆ ನಾವಿಬ್ಬರೇ ಮಕ್ಕಳು. ಅಪ್ಪನ ಹೆಸರಿನ ಕೆಳಗೆ ಎರಡು ಸೊನ್ನೆ ಇದೆ. ಒಂದು ನೀನು, ಇನ್ನೊಂದು ಯಾರು? ಬದುಕಿದಾಳೆ ಅಂತ ನೀನೇ ಅಚ್ಚು ಹಾಕಿಸಿ ಕಳಿಸಿದ ಹಾಗಾಯ್ತು."

"ಹಾಗಾದ್ರೆ ಬಿಟ್ಟೇಬಿಡಲಾ?"

"ಬಿಟ್ರೆ ಬಚ್ಚಿಟ್ಟಿದಾನೆ ಅಂತಾರೆ. ಸಾಯಿಸಿಬಿಡು."

ಜನ್ಮದಲ್ಲಿ ಒಂದೂ ಸುಳ್ಳು ಎಂಟ್ರಿ ಮಾಡದ ಸತ್ಯಮೂರ್ತಿಯವರಿಗೆ ಎರಡು ದಿನ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಕಣ್ಣು ಮುಚ್ಚಿ 'ಮರಣ: ೧೨ ನವೆಂಬರ್ ೧೯೮೪' ಎಂದು ಬರೆದರು. ಬರೆದದ್ದೇ ಸೂತಕವಾಯಿತೆಂದು ತಲೆಗೆ ನೀರು ಹಾಕಿಕೊಂಡರು. ನೀರು ಕಾಯಿಸಿಕೊಟ್ಟವಳು ಕೌಸಲ್ಯಾಳೇ.

೧೯೯೧ರಲ್ಲಿ ಪುಸ್ತಕ ಹೊರಬಂತು. ಎರಡು ತಿಂಗಳ ಮೇಲೆ ಒಂದು ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಕೇಶವಮೂರ್ತಿ ನಿಂತಿದ್ದಾನೆ, ಕೈಯಲ್ಲಿ ಕೋಲು, ಕಂಕುಳಲ್ಲಿ ವಂಶವೃಕ್ಷ. ರಜೆಯೆಂದು ಬಂದಿದ್ದ ಕೌಸಲ್ಯಾ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಹೊರಗಿನಿಂದ ಅವನ ದನಿ ಕೇಳಿದ್ದೇ ಬಾಗಿಲ ಮರೆಗೆ ಸರಿದಳು.

"ಭಾವ, ಜಗಳಕ್ಕೆ ಬಂದಿಲ್ಲ," ಎಂದ ಅವನು ಕುರ್ಚಿಯಲ್ಲಿ ಕೂರುತ್ತ. "ಏಳು ವರ್ಷದಿಂದ ಮಂಡಿ ನೋವು. ಹೆಂಡತಿ ಶ್ರಾದ್ಧ ಮಾಡಿಲ್ಲ, ಅದಕ್ಕೇ ಅಂತಾರೆ ಜೋಯಿಸರು. ತಾರೀಖೇನೋ ಹಾಕಿದೀರಿ, ಆದ್ರೆ ಅವತ್ತು ಮಧ್ಯಾಹ್ನ ತಿಥಿ ಬದಲಾಗುತ್ತಂತೆ. ಅವಳು ಹೋಗಿದ್ದು ಬೆಳಿಗ್ಗೆನೋ, ಸಾಯಂಕಾಲಾನೋ?"

ಸತ್ಯಮೂರ್ತಿ ಕನ್ನಡಕ ಹುಡುಕಿದರು. "ಅದು... ಫೈಲ್ ನೋಡಬೇಕು," ಎಂದರು. ಆಮೇಲೆ ಹಣೆಯ ಬೆವರು ಒರೆಸಿಕೊಂಡು, "ನೋಡಿ ಕೇಶವಮೂರ್ತಿ, ನಿಜ ಏನಂದ್ರೆ..." ಎಂದು ಶುರುಮಾಡಿದರು.

ಅಣ್ಣ ಈಗ ಎಲ್ಲ ಬಾಯಿಬಿಡುತ್ತಾನೆ, ಹೇಗೂ ಸಿಕ್ಕಿಬಿದ್ದಂತಾಯಿತು, ತಾನೇ ಎದುರಿಗೆ ಹೋಗಿಬಿಡುವುದು ಮೇಲು ಎನ್ನಿಸಿತು ಕೌಸಲ್ಯಾಗೆ. ವನಮಾಲಾ ಸೆರಗು ಹಿಡಿದೆಳೆದರೂ ಕೇಳದೆ ಲಟ್ಟಣಿಗೆ ಸಮೇತ ಹೊರಗೆ ಬಂದು ನಿಂತಳು.

ಕೇಶವಮೂರ್ತಿ ತಲೆಯೆತ್ತಿ ಅವಳ ಮುಖವನ್ನೇ ನೋಡಿದ. ಸತ್ಯಮೂರ್ತಿ ದೇವರನ್ನು ನೆನೆದರು.

"ನಮಸ್ಕಾರ ಅಮ್ಮ," ಎಂದ ಅವನು. "ಅಕ್ಕಪಕ್ಕದವರಾ? ನನ್ನ ಹೆಂಡತಿ ಎಷ್ಟು ಹೊತ್ತಿಗೆ ಹೋದಳು ಅಂತ ನಿಮಗೇನಾದ್ರೂ ಗೊತ್ತಾ?"

ಕೌಸಲ್ಯಾ ಲಟ್ಟಣಿಗೆಯನ್ನು ಇನ್ನೊಂದು ಕೈಗೆ ಬದಲಿಸಿದಳು.

"ಬೆಳಿಗ್ಗೆ ಹತ್ತು ಗಂಟೆಗೆ. ನಾನು ಹತ್ತಿರಾನೇ ಇದ್ದೆ."

ಅವನು ಚೀಟಿಯಲ್ಲಿ ಬರೆದುಕೊಂಡ. "ಅವಳಿಗೆ ಇಷ್ಟವಾದದ್ದು ಮಾಡಿಸಿ ಬಡಿಸಬೇಕಂತೆ. ಏನಿಷ್ಟ ಅಂತಾನೇ ನೆನಪಿಲ್ಲ ನನಗೆ."

"ಹಾಗಲಕಾಯಿ ಗೊಜ್ಜು," ಎಂದಳು ಕೌಸಲ್ಯಾ. ಹಾಗಲಕಾಯಿ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಪಾಪ, ಅದನ್ನೂ ಬರೆದುಕೊಂಡು ಕೈಮುಗಿದು, ಕೋಲೂರುತ್ತ ಮೆಟ್ಟಿಲಿಳಿದು ಹೋದ.

ಸತ್ಯಮೂರ್ತಿಯವರಿಗೆ ನಗು ತಡೆಯಲಾಗಲಿಲ್ಲ. ವನಮಾಲಾ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೌಸಲ್ಯಾ ಮಾತ್ರ ನಗದೆ ನೆಲದ ಮೇಲೆ ಕೂತಳು. ಅವಳಿಗೆ ಭಯ ಹೋಗಿತ್ತು, ಅದರ ಜಾಗದಲ್ಲಿ ಎಂದೂ ಇಲ್ಲದ ಸಿಟ್ಟು ಬಂದಿತ್ತು.

"ಹತ್ತೊಂಬತ್ತು ವರ್ಷ ಅಣ್ಣ," ಎಂದಳು. "ಎಲ್ಲಾದ್ರೂ ನನ್ನ ಮುಖ ನೋಡಿಬಿಡ್ತಾನೆ ಅಂತ ಲೋಕಲ್‌ನಲ್ಲಿ ಒಂದು ದಿನಾನೂ ಕಿಟಕಿ ಪಕ್ಕ ಕೂತಿಲ್ಲ ನಾನು."