ರಾವಸಿನ ತಲೆ

ನನಗೆ ಆಗ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ಸೆಕೆ ಏರುವ ಮುಂಚಿನ ಒಂದು ಸಂಜೆ, ಅಬುಧಾಬಿಯ ಕಡಲ ಕರೆಯಲ್ಲಿ ಅಕ್ಕನ ಮಗ ದಿನೇಶ ಒಂದು ಡಬ್ಬಿ ತೆರೆದ. ಒಳಗೆ ಬೆರಳುದ್ದದ ರಬ್ಬರ್ ಮೀನುಗಳು, ಮುಟ್ಟಿದರೆ ಬಾಲ ಆಡಿಸುವಂಥವು. ಹೊಸ ಚಪ್ಪಲಿಯ ವಾಸನೆ, ಅದರೊಳಗೆ ಸೋಂಪಿನ ವಾಸನೆ. ಕಡಲಿನ ಮೀನಿಗೆ ಸೋಂಪು ಇಷ್ಟವಂತೆ. ದಿನೇಶ ಬಿಳಿಯದೊಂದನ್ನು ಎತ್ತಿ ಗಾಳಕ್ಕೆ ಚುಚ್ಚಿ, “ಅಮ್ಮ, ಒಮ್ಮೆ ಮುಟ್ಟಿ ಕೊಡಿ. ನಿಮ್ಮ ಕೈಗುಣ” ಎಂದು ಅಕ್ಕನ ಮುಂದೆ ಹಿಡಿದ. ನನ್ನ ಹೊಟ್ಟೆಯೊಳಗಿನ ಹಳೆಯ ಕಿಚ್ಚು ಭಗ್ಗೆಂದಿತು.

ನಮ್ಮ ಅಪ್ಪನ ಮನೆ ಮಲ್ಪೆಯಿಂದ ತೆಂಕಕ್ಕೆ, ಕಡಲಿಗೆ ಮುಖ ಮಾಡಿ ನಿಂತಿತ್ತು. ತೆಂಗಿನ ಮಡಲಿನ ಮಾಡು, ಒಳಗೆ ಯಾವಾಗಲೂ ಹೊಗೆಯ, ಒಣಮೀನಿನ, ಒದ್ದೆ ಬಲೆಯ ವಾಸನೆ. ಹೊಟ್ಟೆಪಾಡಿಗೆ ಅಪ್ಪ ಇನ್ನೊಬ್ಬರ ದೋಣಿಯಲ್ಲಿ ಹೋಗುತ್ತಿದ್ದ. ಚಳಿ ಬಿಟ್ಟ ದಿನಗಳಲ್ಲಿ ಮಾತ್ರ, ಸಂಜೆ, ತನ್ನ ಖುಷಿಗೆ ಕಡಲ ಕರೆಯಲ್ಲಿ ನಿಂತು ರಾವಸ್ ಮೀನಿಗೆ ಗಾಳ ಹಾಕುವನು. ಗಾಳಕ್ಕೆ ಬಿಳಿ ಹುಂಜದ ಪುಕ್ಕ ಕಟ್ಟುವನು. ನೀರಿನಲ್ಲಿ ಎಳೆದರೆ ಸಣ್ಣ ಮೀನು ಓಡಿದ ಹಾಗೆ ಕಾಣಬೇಕು. ಎಸೆಯುವ ಮುಂಚೆ ಅಕ್ಕ ಅದನ್ನು ಮುಟ್ಟಬೇಕು. ಕೆಲವರು ನೆಟ್ಟರೆ ಗಿಡ ಹಿಡಿಯುತ್ತದೆ, ಕೆಲವರು ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗುತ್ತದೆ, ಅಕ್ಕ ಮುಟ್ಟಿದರೆ ರಾವಸ್ ಬರುತ್ತದೆ ಎಂದು ಅಪ್ಪ ತೀರ್ಮಾನ ಮಾಡಿಬಿಟ್ಟಿದ್ದ. ಒಮ್ಮೆ ನಾನೂ ಕೈ ಚಾಚಿದೆ. ಅಪ್ಪ ಗಾಳವನ್ನು ಬೆನ್ನ ಹಿಂದೆ ಹಿಡಿದು, “ನೀನು ಬೇಡ ಮಗಳೇ, ಅಕ್ಕ ಮುಟ್ಟಲಿ” ಎಂದ. ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆ. ಮೀನು ಸಿಕ್ಕಿದ ದಿನ ಅಮ್ಮ ತಲೆಯನ್ನು ಅಕ್ಕನ ಬಟ್ಟಲಿಗೆ ಹಾಕುವಳು. ಮೀನು ತಂದ ಕೈಗೆ ತಲೆ, ಅದು ನಮ್ಮ ಮನೆಯ ಕಟ್ಟಳೆ. ಅಕ್ಕ ಕೆನ್ನೆಯ ಮಾಂಸ ಬಿಡಿಸಿ, ಕಣ್ಣು ಮುಚ್ಚಿ ತಿಂದು, “ಬೆಣ್ಣೆ” ಎನ್ನುವಳು. ನಾನು ಬಾಲದ ಮುಳ್ಳು ಆರಿಸುತ್ತ ಕೂತಿರುತ್ತಿದ್ದೆ. ಆ ಮನೆಯನ್ನು ಕಡಲು ತಿಂದು ಎಷ್ಟೋ ಮಳೆಗಾಲವಾಯಿತು. ಬಾವಿ, ತೆಂಗು, ಅಮ್ಮನ ಅರೆಯುವ ಕಲ್ಲು, ಎಲ್ಲ ನೀರಿನಡಿ.

ಅಬುಧಾಬಿಗೆ ನಾನು ಹೋದದ್ದೇ ಒಂದು ತಪ್ಪು ತಿಳುವಳಿಕೆಯಿಂದ. ನಾನಿರುವುದು ಪಕ್ಕದ ಊರಿನ ಕರಾಮದಲ್ಲಿ, ಮಗಳ ಮನೆಯಲ್ಲಿ. ದಿನೇಶ ಫೋನಿನಲ್ಲಿ, “ಚಿಕ್ಕಮ್ಮ, ಸಾಲ್ಮನ್ ಹಿಡಿಯಲಿಕ್ಕೆ ಹೋಗುವ, ಬನ್ನಿ” ಎಂದಿದ್ದ. ಸಾಲ್ಮನ್ ಎಂದರೆ ಸೂಪರ್‌ಮಾರ್ಕೆಟಿನಲ್ಲಿ ಮಂಜುಗಡ್ಡೆಯ ಮೇಲೆ ಮಲಗಿಸುವ ಗುಲಾಬಿ ತುಂಡು ಎಂದು ನನ್ನ ಲೆಕ್ಕ. ಆ ಬಿಳಿಯರ ಮೀನಿಗೆ ಅಕ್ಕನ ಕೈಗುಣ ಹೇಗೆ ಗೊತ್ತಾಗಬೇಕು? ಅವಳು ಬರಿಗೈಯಲ್ಲಿ ನಿಲ್ಲುವುದನ್ನು ಕಣ್ಣಾರೆ ನೋಡುವ ಆಸೆಯಿಂದ ಹೋಗಿದ್ದೆ.

ಅಕ್ಕ ಮುಟ್ಟಿದಳು. ದಿನೇಶ ಎಸೆದು, ನಿಧಾನಕ್ಕೆ ರೀಲು ಸುತ್ತಿದ. ಕೋಲು ಬಾಗಿತು. ದಂಡೆಗೆ ಬಂದದ್ದು ಬೆಳ್ಳಿ ಮೈ, ಗಲ್ಲದಡಿ ಗಡ್ಡದ ಹಾಗೆ ಎಳೆಗಳು.

“ಇದು ರಾವಸ್ ಅಲ್ವಾ ಮಾರಾಯ!”

“ಹೌದು ಚಿಕ್ಕಮ್ಮ. ಇದಕ್ಕೇ ಇಂಡಿಯನ್ ಸಾಲ್ಮನ್ ಅನ್ನುವುದು.”

“ಮೊದಲೇ ಹೇಳಲಿಕ್ಕೆ ನಿನ್ನ ಬಾಯಿಗೆ ಎಂಥ ಆಗಿತ್ತು?”

ಅಕ್ಕ ನಕ್ಕಳು. “ಹೇಳಿದ್ದರೆ ನೀನು ಬರ್ತಿದ್ದಿಯಾ ಮಾರಾಯ್ತಿ?”

ನಾನು ಡಬ್ಬಿ ಕಸಿದುಕೊಂಡೆ. ಒಂದೊಂದೇ ರಬ್ಬರ್ ಮೀನನ್ನು ಮುಷ್ಟಿಯಲ್ಲಿ ಹಿಡಿದು, ಬೆಚ್ಚಗೆ ಮಾಡಿ ಕೊಟ್ಟೆ. ಬಿಳಿ, ಹಸಿರು, ಮಿಂಚಿನದು. ದಿನೇಶ ಬೇಸರಿಸದೆ ಎಸೆದ. ಒಂದಕ್ಕೂ ಮೀನು ಕಚ್ಚಲಿಲ್ಲ. ಎದುರಿನ ಕಟ್ಟಡಗಳಲ್ಲಿ ದೀಪ ಹತ್ತಿತು. “ಖಲಾಸ್ ಚಿಕ್ಕಮ್ಮ, ನೀರು ಇಳಿಯಿತು” ಎಂದ. ನನ್ನ ಕೈ ಮಾತ್ರ ಸೋಂಪು ನಾರುತ್ತಿತ್ತು.

ರೀಮ್ ಐಲ್ಯಾಂಡಿನ ಅವರ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತಾಗ ಅಕ್ಕ ತಲೆಯನ್ನು ನನ್ನ ಬಟ್ಟಲಿಗೆ ಹಾಕಿದಳು. “ತಕೋ ಕುಸುಮಾ. ಇಷ್ಟು ವರ್ಷ ನಾನೇ ತಿಂದೆ.”

ಎತ್ತಿ ವಾಪಸು ಹಾಕಿದೆ. “ಬಿಟ್ಟುಕೊಟ್ಟ ತಲೆ ನನಗೆ ಬೇಡ. ನಿನ್ನ ಕೈಗೆ ಬಂದದ್ದು, ನೀನೇ ತಿನ್ನು.”

ಅವಳು ತಿಂದಳು. ಕಣ್ಣು ಮುಚ್ಚಲಿಲ್ಲ, ಬೆಣ್ಣೆ ಎನ್ನಲಿಲ್ಲ. ಅದೇ ವರ್ಷ, ಚಳಿ ಬರುವ ಮುಂಚೆ, ಹೋಗಿಬಿಟ್ಟಳು. ಅಪ್ಪನ ಮನೆಯಲ್ಲಿ ಉಂಡವರಲ್ಲಿ ಈಗ ಉಳಿದವಳು ನಾನೊಬ್ಬಳು. ಬಾವಿ ತೆಂಕಕ್ಕಿತ್ತು ಎಂದು ನಾನೆಂದರೆ, ಅಲ್ಲ, ಬಡಗಕ್ಕೆ ಎಂದು ಜಗಳಕ್ಕೆ ಬರುವವರಿಲ್ಲ. ಗೆದ್ದ ಹಾಗೂ ಅನ್ನಿಸುವುದಿಲ್ಲ.

ಆ ಊಟದ ಮರುದಿನ ಬೆಳಿಗ್ಗೆ ನಾನು ಮಾಡಿದ್ದನ್ನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಮಗಳು ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ ಕರಾಮದ ಮೀನಂಗಡಿಗೆ ನಡೆದೆ. ಒಂದು ರಾವಸ್ ಕೊಂಡೆ, ತಲೆ ಬಿಸಾಡಬೇಡ ಎಂದು ಕೊಯ್ಯುವವನ ಎದುರೇ ನಿಂತೆ. ಹುಳಿ, ಮೆಣಸು ಅರೆದು ಸಾರು ಮಾಡಿ, ತಲೆಯನ್ನು ಬಟ್ಟಲಿಗೆ ಹಾಕಿಕೊಂಡು, ಒಬ್ಬಳೇ ಕೂತು ಕೆನ್ನೆಯ ಮಾಂಸ ಬಿಡಿಸಿದೆ. ಬೆಣ್ಣೆಯೇ. ಅಕ್ಕ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅದಕ್ಕೇ ಕಿಚ್ಚು ಇನ್ನಷ್ಟು ಏರಿತು. ಒಂದು ಮುಳ್ಳನ್ನೂ ಬಿಡದೆ ಚೀಪಿದೆ.