ಕರಿಕೋಟಿನ ಕಾಗೆ ಬರೆದವರು

ನಮ್ಮ ಕಾನೂನು ಕಾಲೇಜಿನ ಬೈಂಡರನ್ನು ಎಲ್ಲರೂ ಗೋಂದು ಮಾಮ ಎನ್ನುತ್ತಿದ್ದರು. ಬೆರಳ ಸಂದಿಯಲ್ಲಿ ಗೋಂದು ಇಲ್ಲದ ದಿನ ಅವರನ್ನು ಕಂಡವರಿಲ್ಲ. ಗ್ರಂಥಾಲಯದ ಹರಿದ ಪುಸ್ತಕ ಹೊಲಿಯುವುದು, ವಿದ್ಯಾರ್ಥಿಗಳೇ ಸಂಪಾದಿಸುವ ಪತ್ರಿಕೆಗೆ ರಟ್ಟು ಕಟ್ಟುವುದು ಅವರ ಕೆಲಸ. ಆ ಪತ್ರಿಕೆಯನ್ನು ಟೈಪು ಮಾಡುವುದು ನನ್ನದು. ಪತ್ರಿಕೆಯ ವಿಷಯ ಕಲೆ, ಮನರಂಜನೆ, ಬೌದ್ಧಿಕ ಆಸ್ತಿ. ಅಂದರೆ, ಯಾರ ಹಾಡನ್ನು ಯಾರು ಕದ್ದರು, ಯಾರ ಚಿತ್ರಕ್ಕೆ ಯಾರು ಒಡೆಯರು ಎಂದು ವರ್ಷಕ್ಕೊಮ್ಮೆ ಇನ್ನೂರು ಪುಟ ತಲೆ ಕೆಡಿಸಿಕೊಳ್ಳುವುದು.

ಅದರ ಮುಖಪುಟದಲ್ಲಿ ಕರಿಕೋಟು ತೊಟ್ಟ ಕಾಗೆಯೊಂದು ಕೊಳಲು ಊದುತ್ತಿತ್ತು. ಮೊದಲ ಸಂಚಿಕೆಯ ಮುಖಪುಟ ಬೋಳಾಗಿದೆ ಎಂದು ಹುಡುಗರು ಗೋಳಾಡುತ್ತಿದ್ದಾಗ ಮಾಮ ಊಟದ ಬಿಡುವಿನಲ್ಲಿ ರಟ್ಟಿನ ತುಂಡಿನ ಮೇಲೆ ಬರೆದುಕೊಟ್ಟದ್ದು ಅದು. ನಾನು ಎದುರೇ ಕೂತು ನೋಡಿದ್ದೆ. ಆದರೂ ಬೈಂಡರನ ಹೆಸರು ಹಾಕುವುದುಂಟೇ ಎಂದುಕೊಂಡು 'ಚಿತ್ರ: ಅಜ್ಞಾತ ಕಲಾವಿದ' ಎಂದು ಟೈಪು ಮಾಡಿದವಳು ನಾನೇ. ಈಗ ನಾಚಿಕೆಯಾಗುತ್ತದೆ. ಆ ಸಾಲು ಹತ್ತೊಂಬತ್ತು ವರ್ಷ ಹಾಗೇ ಅಚ್ಚಾಯಿತು.

ಈ ವರ್ಷ ಮಾಮನ ನಿವೃತ್ತಿ. ಕಾಗೆ ಬರೆದದ್ದು ತಾತನೇ ಎಂದರೆ ಮೊಮ್ಮಗಳು ಬಿದ್ದು ಬಿದ್ದು ನಗುತ್ತಾಳಂತೆ.

"ಒಂದೇ ಒಂದ್ಸಲ ಹೆಸರು ಬಂದ್ರೆ ಸಾಕಮ್ಮ, ಅವಳಿಗೆ ತೋರಿಸ್ಬಿಡ್ತೀನಿ," ಎಂದರು. ನಾನೇ ಸಂಪಾದಕಿಯ ಬಳಿಗೆ ಕರೆದೊಯ್ದೆ.

ಸಂಪಾದಕಿ ಕೊನೆಯ ವರ್ಷದ ಹುಡುಗಿ, ಒಳ್ಳೆಯವಳೇ. ಕುರ್ಚಿ ಎಳೆದು ಮಾಮನನ್ನು ಕೂರಿಸಿದಳು. ಆದರೆ ಅಡಿಟಿಪ್ಪಣಿಯಿಲ್ಲದೆ ಬೆಳಗಾಯಿತು ಎಂದರೂ ನಂಬುವವಳಲ್ಲ.

"ಅಚ್ಚಾದ ಆಧಾರ ಏನಾದ್ರೂ ಇದ್ಯಾ ಮಾಮ?"

"ನಾನೇ ಬರೆದಿದ್ದಲ್ವೇನಮ್ಮ?"

"ಅದು ನಿಮ್ಮ ಹೇಳಿಕೆ ಆಯ್ತು."

"ನಾನು ಕಣ್ಣಾರೆ ನೋಡಿದೀನಿ," ಎಂದೆ ನಾನು.

ಅವಳು ಹಳೆಯ ಸಂಚಿಕೆ ತೆರೆದು ನನ್ನ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ಅಜ್ಞಾತ ಅಂತಿದೆ ಮೇಡಂ. ಟೈಪ್ ಮಾಡಿದ್ದು ನೀವೇ."

ಮಾಮ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಹಾಳೆಯೊಂದನ್ನು ಎಳೆದುಕೊಂಡು, ಐದೇ ನಿಮಿಷದಲ್ಲಿ ಕಾಗೆಯನ್ನು ತಂದು ನಿಲ್ಲಿಸಿದರು. ಅದೇ ಕೋಟು, ಅದೇ ಕೊಳಲು, ಕಿತ್ತುಹೋದ ಅದೇ ಎರಡನೇ ಗುಂಡಿ. ಹುಡುಗಿ ಅದನ್ನು ಮುಖಪುಟದ ಪಕ್ಕಕ್ಕೆ ಹಿಡಿದಳು. ಅವಳ ಕಣ್ಣರಳಿತು. ಗೆದ್ದೆವು ಎಂದುಕೊಂಡೆ.

"ಅಯ್ಯೋ ಮಾಮ, ಒಂದು ಗೆರೆನೂ ಆಚೀಚೆ ಆಗಿಲ್ಲ! ಮೂಲ ಕಲಾವಿದರ ಅನುಮತಿ ಇಲ್ದೆ ಹೀಗೆಲ್ಲ ನಕಲು ಮಾಡ್ಬಾರ್ದು." ಅಷ್ಟರಲ್ಲಿ ಅವಳಿಗೇ ಏನೋ ಹೊಳೆದು ಮುಖ ಬಿಳಿಚಿಕೊಂಡಿತು. "ನಾವೂ ಇಷ್ಟು ವರ್ಷ ಅವರನ್ನ ಕೇಳ್ದೇನೇ ಹಾಕಿದೀವಲ್ಲ!"

ಮರುದಿನವೇ ಸಂಪಾದಕ ಮಂಡಳಿ ಸೇರಿ ತೀರ್ಮಾನ ಕೈಗೊಂಡಿತು: 'ಅಜ್ಞಾತ ಕಲಾವಿದರ ಹಕ್ಕನ್ನು ಗೌರವಿಸಿ ಮುಖಪುಟದ ಚಿತ್ರವನ್ನು ಕೈಬಿಡಲಾಗಿದೆ.' ಆ ಸಾಲು ಟೈಪಿಗೆ ಬಂದಾಗ ನಾನು 'ಅಜ್ಞಾತ' ಎಂಬಲ್ಲಿ ಮಾಮನ ಹೆಸರು ಟೈಪು ಮಾಡಿ ಕಳಿಸಿದೆ. ಸಂಜೆಯೊಳಗೆ ಹಾಳೆ ವಾಪಸ್ಸು ಬಂತು. ಹೆಸರಿನ ಪಕ್ಕ ಕೆಂಪು ಶಾಯಿಯಲ್ಲಿ 'ಆಧಾರ?' ಎಂದಿತ್ತು. ಮತ್ತೆ 'ಅಜ್ಞಾತ' ಎಂದೇ ತಿದ್ದಿಕೊಟ್ಟೆ.

ಬೋಳು ಮುಖಪುಟದ ಮುನ್ನೂರು ಪ್ರತಿಗೂ ರಟ್ಟು ಕಟ್ಟಿದವರು ಮಾಮನೇ. ಕೊನೆಯದನ್ನು ಒಣಗಲು ಇಟ್ಟು ಒಳಪುಟದಲ್ಲಿ ಅಚ್ಚಾಗಿದ್ದ ಆ ಸಾಲನ್ನು ನಿಧಾನವಾಗಿ ಓದಿದರು.

"ಪರವಾಗಿಲ್ಲಮ್ಮ, ಆ ಕಲಾವಿದನಿಗೆ ಒಳ್ಳೇ ಮರ್ಯಾದೆನೇ ಕೊಟ್ಟಿದಾರೆ," ಎಂದರು.

ಮನೆಯಲ್ಲಿ ಮೊಮ್ಮಗಳಿಗೆ ಏನು ತೋರಿಸುತ್ತೀರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.